ಒದ್ದೆಯಾಗಲು ಒಂದು ಉಡುಪು

ನಮ್ಮ ಕರಾವಳಿಯಲ್ಲಿ ಸಮುದ್ರಸ್ನಾನಕ್ಕೆ ಹೊರಟ ಗೃಹಸ್ಥನು ಮೊದಲು ಮಾಡುವ ಕೆಲಸವೆಂದರೆ ಕಪಾಟಿನ ತಳದಿಂದ ತನ್ನ ಅತ್ಯಂತ ದರಿದ್ರವಾದ ಬಟ್ಟೆಯನ್ನು ಹೆಕ್ಕಿ ತೆಗೆಯುವುದು. ಮದುವೆಗೆ ಹೊಸತನ್ನೂ ಚರ್ಚಿಗೆ ಇಸ್ತ್ರಿಯದ್ದನ್ನೂ ಉಡುವ ಸಭ್ಯರೇ ರತ್ನಾಕರನ ಸನ್ನಿಧಿಗೆ ಮಾತ್ರ, ನೆಲ ಒರೆಸುವ ಬಟ್ಟೆಯಾಗಿ ಬಡ್ತಿ ಪಡೆಯಲು ಕಾದಿರುವ ಚಡ್ಡಿಯನ್ನು ತೊಟ್ಟು ಹೋಗುತ್ತಾರೆ. ಹೇಗೂ ಒದ್ದೆಯಾಗುವುದಲ್ಲವೇ ಎಂಬುದು ಅವರ ತರ್ಕ. ನೀರಿಗಿಳಿದವನಿಗೆ ಚಳಿಯೇನು ಮಳೆಯೇನು ಎಂದು ಹಿರಿಯರು ಹೇಳಿದ್ದಾರೆಯೇ ಹೊರತು ಅವನು ಏನನ್ನು ಉಟ್ಟಿರಬೇಕೆಂದು ಹೇಳಿಲ್ಲ. ಆದ್ದರಿಂದ, ಒದ್ದೆಯಾಗುವುದಕ್ಕೆಂದೇ ಹೊಲಿದ ಉಡುಪೊಂದು ಲೋಕದಲ್ಲಿದೆಯೆಂದು ಎಂಬತ್ತರ ದಶಕದ ಆರಂಭದಲ್ಲಿ ತಿಳಿದಾಗ ನಾನು ಬೆರಗಾದದ್ದು ಸಹಜ.

ತಿಳಿಸಿದವನು ನನ್ನ ತಮ್ಮ ಜೋಕಿಂ. ಅವನು ಗಲ್ಫಿನಲ್ಲಿ, ಸಮುದ್ರದಡಿಯ ಕೊಳವೆಗಳನ್ನು ದುರಸ್ತಿ ಮಾಡುವ ಮುಳುಗುಗಾರರಿಗೆ ಸಾಮಾನು ಒದಗಿಸುವ ಉಗ್ರಾಣದಲ್ಲಿದ್ದ. ನಾನೋ, ಕಾರ್ಕಳದ ಕಾಲೇಜಿನಲ್ಲಿ ಸಮುದ್ರಮಥನದ ಪದ್ಯಗಳನ್ನು ವಿವರಿಸಿ ಸಂಜೆಯ ಬಸ್ಸಿನಲ್ಲಿ ಕಟಪಾಡಿಯ ಮನೆಗೆ ಮರಳುತ್ತಿದ್ದ ಕನ್ನಡ ಪಂಡಿತ. ಸಮುದ್ರವನ್ನು ಕಡೆದವರ ವಿಷಯ ಎಷ್ಟು ಬೇಕಾದರೂ ಹೇಳಬಲ್ಲೆ, ಸೊಂಟಕ್ಕಿಂತ ಆಳದ ನೀರಿಗೆ ಮಾತ್ರ ಇಳಿದವನಲ್ಲ. ಒಂದು ರಜೆಯಲ್ಲಿ ಊರಿಗೆ ಬಂದ ಜೋಕಿಂ ಬಣ್ಣಬಣ್ಣದ ಚಿತ್ರಗಳ ಪುಸ್ತಿಕೆಯೊಂದನ್ನು ಊಟದ ಮೇಜಿನ ಮೇಲೆ ಬಿಡಿಸಿ, ಮನೆಮಂದಿಗೆಲ್ಲ ವೆಟ್ ಸೂಟ್ ತರುತ್ತೇನೆ, ಆರಿಸಿ ಎಂದ.

ನಮ್ಮ ಸಮುದ್ರ ಕಷಾಯದಷ್ಟು ಬೆಚ್ಚಗಿರುವಾಗ ಹಿಮದೇಶದವರ ರಬ್ಬರ್ ಕವಚ ನಮಗೇಕೆ ಎಂದು ನಾನು ಪಾಂಡಿತ್ಯ ತೋರಿಸಿದೆ. ಜೋಕಿಂ ನನ್ನನ್ನು ಬಾವಿಕಟ್ಟೆಯ ಬಳಿಗೆ ಕರೆದು ಮೆಲ್ಲಗೆ ಹೇಳಿದ: "ಅಣ್ಣ, ಅದು ಅಕ್ಕನಿಗೆ. ಅವಳೊಬ್ಬಳಿಗೇ ತಂದರೆ ಅವಳು ಮುಟ್ಟುವುದಿಲ್ಲ. ಎಲ್ಲರಿಗೂ ತಂದರೆ ಹಾಕಿಯಾಳು, ಅಲ್ವಾ?"

ನಮ್ಮ ಅಕ್ಕ ಸಿಸಿಲಿಯಾ ಹುಡುಗಿಯಾಗಿದ್ದಾಗ, ಅಂಗಳದಲ್ಲಿ ಭತ್ತ ಬೇಯಿಸುತ್ತಿದ್ದ ಹಂಡೆ ಮಗುಚಿ ಕುದಿನೀರು ಅವಳ ಬಲಗಾಲಿನ ಮೇಲೆ ಬಿದ್ದಿತ್ತು. ಗಾಯವೇನೋ ಮಾಯಿತು, ಆದರೆ ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಾ ಉಳಿಯಿತು. ಅಂದಿನಿಂದ ಅವಳು ಸೀರೆಯ ನೆರಿಗೆಯನ್ನು ಹಿಮ್ಮಡಿಗಿಂತ ಮೇಲಕ್ಕೆ ಎತ್ತಿದ್ದನ್ನು ನಾನು ಕಂಡಿಲ್ಲ. ಅದಕ್ಕೆ ಮೊದಲು ಕಾಪುವಿನ ಕಡಲಿನಲ್ಲಿ ನಮ್ಮನ್ನೆಲ್ಲ ಎಳೆದುಕೊಂಡು ಅಲೆಗೆ ಹಾರುತ್ತಿದ್ದವಳು ಅವಳೇ. ಆಮೇಲೆ ನಾವು ನೀರಾಟವಾಡುವಾಗ ಅವಳು ಬಂಡೆಯ ನೆರಳಲ್ಲಿ ಕುಳಿತು, ನನಗೆ ಉಪ್ಪುನೀರು ಆಗುವುದಿಲ್ಲಪ್ಪ ಎನ್ನುತ್ತಿದ್ದಳು. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು, ಗೊತ್ತಿಲ್ಲದಂತೆ ಇರುವುದನ್ನು ನಾವು ಕುಟುಂಬ ಸಮೇತ ಅಭ್ಯಾಸ ಮಾಡಿಕೊಂಡಿದ್ದೆವು.

ಹಾಗಾಗಿ ಆಯ್ಕೆ ಗಂಭೀರವಾಗಿ ನಡೆಯಿತು. ನನ್ನ ಹೆಂಡತಿ ಫ್ಲೋರಾ ನೀಲಿ ಪಟ್ಟಿಯದ್ದನ್ನು ಮೆಚ್ಚಿದಳು. ಮಗ ಬಾತುಕೋಳಿಯ ಪಾದದಂಥ ಹಲಗೆಗಳಿಗೆ ಹಟ ಹಿಡಿದ, ಐದು ವರ್ಷದ ಮಗಳು ರೀಟಾ ಕೈಗವಸಿಗೆ. ಅಮ್ಮ ಉಡುಪು ತನಗೆ ಬೇಡವೆಂದಳು, ಆದರೆ ನೀರುಗನ್ನಡಕವನ್ನು ಹಾಕಿದರೆ ಹೊಗೆ ಕಣ್ಣಿಗೆ ಹೋಗದಷ್ಟೆ ಎಂದು ವಿಚಾರಿಸಿದಳು. ಉಸಿರಾಟದ ಕೊಳವೆಯ ಚಿತ್ರವನ್ನೂ ಬಹಳ ಹೊತ್ತು ನೋಡಿ, ಒಲೆ ಊದಲಿಕ್ಕೆ ಆಗುತ್ತಿತ್ತು, ಆದರೆ ಸೊಟ್ಟ ಉಂಟು ಎಂದು ವಿಷಾದದಿಂದ ಕೈಬಿಟ್ಟಳು. ಅಕ್ಕ ಪುಸ್ತಿಕೆಯಲ್ಲಿ ಕುತ್ತಿಗೆಯಿಂದ ಪಾದದವರೆಗೆ ಮುಚ್ಚಿಕೊಂಡು ನಿಂತಿದ್ದ ಹೆಂಗಸಿನ ಚಿತ್ರದ ಮೇಲೆ ಬೆರಳಿಟ್ಟು, "ಇದು ಕಾಲಿನವರೆಗೂ ಬರುತ್ತದಾ?" ಎಂದು ಒಂದೇ ಒಂದು ಪ್ರಶ್ನೆ ಕೇಳಿದಳು. ಜೋಕಿಂ ಹೌದೆಂದ. ಆಗ ಅವಳ ಮುಖದಲ್ಲಿ ಕಂಡ ಆಸೆಯನ್ನು ನೋಡಲು ನನಗೆ ಸಂಕಟವಾಯಿತು.

ಅಳತೆ ತೆಗೆಯುವ ಕೆಲಸ ಅಕ್ಕನದೇ. ಊರ ಅರ್ಧ ಮಂದಿಗೆ ಬಟ್ಟೆ ಹೊಲಿಯುತ್ತಿದ್ದವಳು ಅವಳು. ಆದರೆ ನಮ್ಮ ಕಡೆಯ ಹೊಲಿಗೆಯ ಧರ್ಮವೇ ಬೇರೆ, ಓದುಗ ಮಹಾಶಯರೇ. ಇಲ್ಲಿ ಯಾರಿಗೂ ಅವರ ಇಂದಿನ ದೇಹಕ್ಕೆ ಬಟ್ಟೆ ಹೊಲಿಯುವುದಿಲ್ಲ, ಭವಿಷ್ಯದ ದೇಹಕ್ಕೆ ಹೊಲಿಯುತ್ತಾರೆ. ಮಕ್ಕಳ ಕ್ರಿಸ್ಮಸ್ ಬಟ್ಟೆ ಮೂರು ಕ್ರಿಸ್ಮಸ್ಸಿಗಾದರೂ ಬರಬೇಕು. ದೊಡ್ಡವರು ಬೆಳೆಯದಿದ್ದರೂ ಊಟವಾದ ಮೇಲೆ ಉಸಿರಾಡಬೇಕು. ನನ್ನ ಮದುವೆಯ ಸೂಟಿನೊಳಗೆ ನಾನು ಮತ್ತು ನನ್ನ ಮುಂದಿನ ಹತ್ತು ವರ್ಷಗಳ ಹೊಟ್ಟೆ ಆರಾಮವಾಗಿ ನಿಂತಿದ್ದೆವು. ಅಕ್ಕ ಎಂದಿನ ವಾತ್ಸಲ್ಯದಿಂದಲೇ ಪ್ರತಿಯೊಬ್ಬರ ಅಳತೆಗೂ ಒಂದಿಷ್ಟು ಧಾರಾಳ ಸೇರಿಸಿದಳು, ತನ್ನದಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಈ ಉಡುಪು ಮೈಗೆ ಅಂಟಿಕೊಂಡಿರಬೇಕೆಂಬುದು ಜೋಕಿಂಗೆ ಎಷ್ಟು ಸಹಜವಾಗಿ ಗೊತ್ತಿತ್ತೆಂದರೆ ಅದನ್ನು ಹೇಳಬೇಕೆಂದೇ ಅವನಿಗೆ ಹೊಳೆಯಲಿಲ್ಲ.

ಮುಂದಿನ ರಜೆಗೆ ಉಡುಪುಗಳು ಬಂದವು. ಮುಂಜಾನೆಯ ಬಸ್ಸಿನಲ್ಲಿ ಕಾಪುವಿಗೆ ಹೋಗಿ, ಬಂಡೆಗಳ ಮರೆಯಲ್ಲಿ ವೇಷ ಬದಲಿಸಿದೆವು. ಒಳಗೆ ಸೀರೆ ಹಿಡಿಸುವುದಿಲ್ಲವೆಂದು ಅಕ್ಕ ಫ್ಲೋರಾಳ ಹಳೆಯ, ಮೊಣಕಾಲುದ್ದದ ಫ್ರಾಕು ತೊಟ್ಟು ಅದರ ಮೇಲೆ ರಬ್ಬರು ಏರಿಸಿದ್ದಳು. ಹಾಕಿಕೊಳ್ಳಲು ಪೌಡರ್ ಸುರಿದುಕೊಂಡು ಒದ್ದಾಡಬೇಕಾಗುತ್ತದೆಂದು ಹೆದರಿಸಿದ್ದ ಜೋಕಿಂ, ನಾವೆಲ್ಲರೂ ಪೈಜಾಮಕ್ಕೆ ಇಳಿದಂತೆ ಸರಾಗವಾಗಿ ಅದರೊಳಗೆ ಇಳಿದದ್ದನ್ನು ಕಂಡು ಪೆಚ್ಚಾದ. ಅಕ್ಕ ಮಾತ್ರ ಹೆಮ್ಮೆಯಿಂದ, "ನೋಡಿದಿರಾ? ಗಾಳಿ ಆಡುವ ಹಾಗೆ ಉಂಟು" ಎಂದಳು. ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ನಮ್ಮ ಕಪ್ಪು ಮೆರವಣಿಗೆಯನ್ನು ನೋಡಿ ಎದ್ದು ಬಂದು ಆತಂಕದಿಂದ ಕೇಳಿದರು: "ಎಂತ ಮಾರಾಯ್ರೆ, ಹಡಗು ಏನಾದರೂ ಮುಳುಗಿದ್ದುಂಟಾ?"

ಮುಳುಗಲಿಕ್ಕಿದ್ದವರು ನಾವೇ. ಮೊದಲ ಅಲೆಗೆ ಕುತ್ತಿಗೆಯಿಂದ ಒಳನುಗ್ಗಿದ ನೀರು ಹೊರಹೋಗುವ ದಾರಿ ಕಾಣದೆ ಅಲ್ಲಿಯೇ ಬಿಡಾರ ಹೂಡಿತು. ನನ್ನ ಹೊಟ್ಟೆ ಹತ್ತು ವರ್ಷ ಮುಂಚಿತವಾಗಿಯೇ ಬಂದುಬಿಟ್ಟಿತು. ಫ್ಲೋರಾಳ ತೋಳುಗಳು ಪೈಲ್ವಾನನ ತೋಳುಗಳಾದವು. ಮಕ್ಕಳು ದಡದಲ್ಲೇ ಉರುಳಾಡುತ್ತಿದ್ದರು. ಅಕ್ಕ ಮಾತ್ರ ಯಾರನ್ನೂ ನೋಡದೆ ನೇರವಾಗಿ ಮುಂದೆ ನಡೆದಳು, ಸೊಂಟದ ನೀರಿನವರೆಗೆ. ಅಲ್ಲಿ ಬಂದ ಅಲೆ ಅವಳ ಧಾರಾಳವಾದ ಉಡುಪಿನೊಳಗೆ ಹೊಕ್ಕು ಅವಳನ್ನು ಮಗುಚಿ ಹಾಕಿತು. ಏಳಲು ನೋಡಿದಳು, ಭಾರಕ್ಕೆ ಆಗಲಿಲ್ಲ. ನಾನೂ ಜೋಕಿಂನೂ ಹೆಗಲಿಗೆ ಕೈಕೊಟ್ಟು ಮರಳಿನ ಮೇಲೆ ಎಳೆದು ತಂದೆವು.

ಅವಳು ಕೆಮ್ಮುತ್ತಾ ಕುಳಿತಳು. ಮೀನುಗಾರರು ಸುತ್ತ ನಿಂತಿದ್ದರು, ಯಾರೋ ನಕ್ಕರು. ಇನ್ನು ಇವಳು ಈ ಜನ್ಮದಲ್ಲಿ ಕಡಲಿನ ಕಡೆಗೆ ತಲೆ ಹಾಕುವುದಿಲ್ಲ, ನಮ್ಮ ಪ್ರೀತಿಯೇ ಇವಳನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿತು ಎಂದುಕೊಂಡೆ.

"ಕಡಲು ಇಡೀ ಒಳಗೆ ಬಂತು ಮಾರಾಯ, ನಾನೇ ಹೊರಗೆ ಉಳಿದದ್ದು" ಎಂದಳು ಅಕ್ಕ. ಬೆನ್ನಿನ ಜಿಪ್ಪು ಎಳೆಯಲು ಫ್ಲೋರಾಳಿಗೆ ಹೇಳಿದಳು. ಆಮೇಲೆ ಆ ರಬ್ಬರನ್ನು ಬಾಳೆದಿಂಡಿನ ಸಿಪ್ಪೆಯಂತೆ ಸುಲಿದು ಪಕ್ಕಕ್ಕೆ ಹಾಕಿ, ಹಳೆಯ ಫ್ರಾಕಿನಲ್ಲಿ ಎದ್ದು ನಿಂತಳು. ವರ್ಷಗಟ್ಟಲೆ ಬಿಸಿಲು ಕಾಣದ ಆ ಕಾಲಿನ ಮೇಲೆ ಬಿಸಿಲು ಬಿದ್ದಿತ್ತು. ನಾನು ಒಮ್ಮೆಲೇ, ಬಂಡೆಯ ಮೇಲೆ ನಿಂತು ಹಡಗುಗಳಿಗೆ ದಾರಿ ತೋರುವ ದೀಪಸ್ತಂಭದ ವಾಸ್ತುಶಿಲ್ಪದಲ್ಲಿ ಅಪಾರ ಆಸಕ್ತಿ ತಾಳಿದೆ. ಜೋಕಿಂ ಬರಿದಾದ ಆಕಾಶವನ್ನು ಪರೀಕ್ಷಿಸಿದ. ನಮ್ಮ ಹಳೆಯ ಅಭ್ಯಾಸ ಅಷ್ಟು ಗಟ್ಟಿಯಾಗಿತ್ತು.

ಅಭ್ಯಾಸವಿಲ್ಲದವಳು ರೀಟಾ ಒಬ್ಬಳೇ. ಅವಳು ಎಲ್ಲರಿಗೂ ಕೇಳುವಂತೆ ಕೂಗಿದಳು: "ಅತ್ತೆ, ಕಾಲಿಗೆ ಎಂತ ಆದದ್ದು?"

ಫ್ಲೋರಾ ಅವಳ ಬಾಯಿ ಮುಚ್ಚಲು ಹೋದಳು. ಅಷ್ಟರಲ್ಲಿ ಅಕ್ಕ ಬಗ್ಗಿ ಮಗುವಿನ ಕೈಯಿಂದ ಒದ್ದೆ ಕೈಗವಸು ಕಳಚಿ ಬೆರಳುಗಳನ್ನು ಹಿಡಿದುಕೊಂಡಳು.

"ಕುದಿಯುವ ನೀರು ಬಿದ್ದದ್ದು ಮಗಾ. ಇದು ತಣ್ಣೀರು, ಹೆದರಬೇಡ, ಬಾ" ಎಂದು ಅಲೆಯ ಕಡೆಗೆ ಕರೆದುಕೊಂಡು ಹೋದಳು.