ನನ್ನ ಮನೆಗೆ ಮೈದುನ ವಾರಸುದಾರನಂತೆ!

"ಮೇಡಂ, ನೀವು ಹೋಗ್ಬಿಟ್ರೆ ನಿಮ್ಮ ಮನೆ ಯಾರಿಗೆ?"

ನನ್ನ ಬಾಯಲ್ಲಿ ಹೋಳಿಗೆ ಇತ್ತು. ಕಾಲೇಜಿನ ಸಹೋದ್ಯೋಗಿಯೊಬ್ಬರ ನಿವೃತ್ತಿಯ ಊಟ ಅದು. ಮುಂದಿನ ವರ್ಷ ಇದೇ ಊಟ ನನ್ನ ಹೆಸರಲ್ಲಿ. ಪಕ್ಕದಲ್ಲಿ ಕೂತು ಕೇಳಿದವಳು ದೀಪಾ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ತುಮಕೂರಿನಲ್ಲೇ ಲಾಯರು. (ಲಾಯರುಗಳಿಗೆ ಹೊತ್ತುಗೊತ್ತು ಅನ್ನುವುದು ಇರುವುದಿಲ್ಲವೇ?)

"ಇನ್ಯಾರಿಗೆ? ನನ್ನ ತಂಗೀಗೆ" ಅಂದೆ.

"ಇಲ್ಲ ಮೇಡಂ. ವಿಲ್ ಬರೀದೇ ಹೋದ್ರೆ ನಿಮ್ಮ ಮೈದುನಂಗೆ."

ನಾನು ನಕ್ಕೆ. ಅವಳು ನಗಲಿಲ್ಲ.

ನನ್ನ ಸಂಸಾರ ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಎರಡು ಮಾತು. ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳಿಲ್ಲ. ಅವರು ಹೋದಾಗ ತಂಗಿ ಸುಮಿತ್ರ ಒಂದು ಸೂಟ್‌ಕೇಸ್ ಹಿಡಿದು "ಸ್ವಲ್ಪ ದಿನ ಇರ್ತೀನಿ ಕಣೇ" ಅಂತ ಬಂದಳು. ಇನ್ನೂ ಇದ್ದಾಳೆ. ಅವಳು ಮದುವೆಯಾಗಲಿಲ್ಲ. ಗುಬ್ಬಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್, ಪೆನ್ಶನ್ ಗಿನ್ಶನ್ ಏನೂ ಇಲ್ಲ. ನಾನು ಸಂಬಳದ ಮೇಲೆ ಲೋನ್ ತೆಗೆದು ಮನೆ ಕಟ್ಟಿಸುವಾಗ, ಬೆಳಿಗ್ಗೆ ಗುಬ್ಬಿಯ ಟ್ರೈನು ಹಿಡಿಯುವ ಮುಂಚೆ ಹಸಿ ಗೋಡೆಗೆ ನೀರು ಹೊಡೆಯುತ್ತಿದ್ದವಳು ಅವಳು.

ಆ ಮನೆ ಮೈದುನನಿಗೆ ಹೇಗೆ ಹೋಗುತ್ತದೆ?

ಹೋಗುತ್ತದಂತೆ. ಹಿಂದೂ ಹೆಂಗಸು ವಿಲ್ ಬರೆಯದೆ ಸತ್ತರೆ, ಅವಳೇ ದುಡಿದು ಮಾಡಿದ ಆಸ್ತಿಗೂ ಮೊದಲು ಗಂಡ, ಮಕ್ಕಳು. ಅವರಿಲ್ಲದಿದ್ದರೆ ಗಂಡನ ಕಡೆಯವರು. ಹೆತ್ತ ತಂದೆತಾಯಿಯ ಸರದಿ ಆಮೇಲೆ. ಒಡಹುಟ್ಟಿದ ತಂಗಿ ಕ್ಯೂನಲ್ಲಿ ಇನ್ನೂ ಹಿಂದೆ.

"ಬ್ಯಾಂಕಲ್ಲಿ ಅವಳನ್ನೇ ನಾಮಿನಿ ಮಾಡಿದೀನಲ್ಲ?"

"ನಾಮಿನಿ ಅಂದ್ರೆ ಓನರ್ ಅಲ್ಲ ಮೇಡಂ. ತಗೊಂಡು ವಾರಸುದಾರರಿಗೆ ಒಪ್ಪಿಸಬೇಕಾದೋರು ಅಷ್ಟೇ."

ಜೀವನಪೂರ್ತಿ ಅರ್ಥಶಾಸ್ತ್ರ ಪಾಠ ಮಾಡಿದವಳು ನಾನು. ನನ್ನದೇ ಮನೆಯ ಅರ್ಥ ಗೊತ್ತಿರಲಿಲ್ಲ!

ಆ ವಾರವೇ ದೀಪಾ ಒಂದು ಡ್ರಾಫ್ಟ್ ಮಾಡಿಕೊಟ್ಟಳು. 'ನನ್ನ ಸಮಸ್ತ ಚರ ಮತ್ತು ಸ್ಥಿರ ಸ್ವತ್ತು ನನ್ನ ತಂಗಿಗೆ ಸೇರತಕ್ಕದ್ದು.' ಸಹಿ ಹಾಕಿದ್ದರೆ ಮುಗಿದಿತ್ತು. ಆದರೆ ಮನಸ್ಸು ತಡೆಯಿತು. ಹೇಳದೆ ಕೇಳದೆ ಮಾಡಿದರೆ ನಾಳೆ ನಾನಿಲ್ಲದ ಹೊತ್ತಲ್ಲಿ ಮೈದುನ ಬಂದು ಸುಮಿತ್ರಳ ಬಾಗಿಲಲ್ಲಿ ಜಗಳಕ್ಕೆ ನಿಂತರೆ? ಮುಖ ಕೊಟ್ಟೇ ಹೇಳಿಬಿಡೋಣ ಅನ್ನಿಸಿತು. ಭಾನುವಾರ ಕುಣಿಗಲ್ ಬಸ್ ಹತ್ತಿದೆ. ಸುಮಿತ್ರಳನ್ನೂ ಕರೆದೆ.

"ನಿನ್ನ ಸಾವಿನ ಮಾತಾಡಕ್ಕೆ ನಾನ್ಯಾಕೆ ಬರ್ಲಿ?" ಅಂತ ಅಡುಗೆಮನೆಗೆ ಹೋದಳು.

ಮೈದುನ ನಂಜುಂಡ ಇರುವುದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ. ತೆಂಗಿನ ತೋಟದ ನೆರಳಲ್ಲಿ ಕುರ್ಚಿ ಹಾಕಿಸಿ ಎಳನೀರು ಕೆತ್ತತೊಡಗಿದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. ವಿಲ್ ಮಾಡ್ತಿದೀನಿ, ಎಲ್ಲಾ ತಂಗಿ ಹೆಸರಿಗೆ.

ಅವನ ಕೈಯ ಮಚ್ಚು ನಿಂತಿತು.

"ಎಲ್ಲಾನೂವಾ ಅತ್ಗೆ?"

"ಹೂಂ. ಎಲ್ಲಾ."

ಅವನ ಹೆಂಡತಿ ಪುಟ್ಟಲಕ್ಷ್ಮಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನಿಂತಳು. ಓಹೋ, ಮನೆಯ ಮೇಲೆ ಇವರಿಗೆ ಮೊದಲಿಂದಲೂ ಕಣ್ಣಿತ್ತು ಅಂದುಕೊಂಡೆ.

"ಹಂಗಾರೆ ತೋಟಾನೂ ಹೋಯ್ತಾ?" ಅಂದ ನಂಜುಂಡ.

"ಯಾವ ತೋಟ?"

"ಇದೇಯ. ನೀವು ಕುಂತಿರೋದು."

ನನಗೆ ತಲೆಬುಡ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ತೋಟ ಅವರಪ್ಪನದು. ಅಣ್ಣತಮ್ಮ ಇಬ್ಬರೇ. ಪಾಲು ಆಗಲೇ ಇಲ್ಲ. ಅಣ್ಣ ಹೋದ ಮೇಲೆ ಅಣ್ಣನ ಅರ್ಧ ನನ್ನದು. ಅಂದರೆ 'ಸಮಸ್ತ ಸ್ವತ್ತು' ಅನ್ನುವ ಮಾತಿನೊಳಗೆ ಇವರ ಅರ್ಧ ತೋಟವೂ ಕೂತಿತ್ತು!

ಪ್ರತಿ ವರ್ಷ ಇವನು ನಮ್ಮ ಮನೆಗೆ ತೆಂಗಿನಕಾಯಿ ಮೂಟೆ ಕಳಿಸುತ್ತಾನೆ. ಪ್ರೀತಿಗೆ ಅಂದುಕೊಂಡಿದ್ದೆ. ಹಾಗೇ ಹೇಳಿಯೂಬಿಟ್ಟೆ.

"ಪ್ರೀತೀನೂ ಐತೆ ಅತ್ಗೆ. ಆದ್ರೆ ಅದು ನಿಮ್ ಪಾಲಿನ ಕಾಯಿ" ಅಂದ. "ಅಣ್ಣ ಹೋದಾಗಿಂದ್ಲೂ ನಂಗೆ ಇದೇ ಯೋಚ್ನೆ. ನೀವು ಬೇರೆಯೋರಿಗೆ ಬರ್ಕೊಟ್ಬುಟ್ರೆ, ನಾಳೆ ಯಾರೋ ಬಂದು ಮಧ್ಯಕ್ಕೆ ಬೇಲಿ ಹಾಕಿದ್ರೆ? ಕೇಳಕ್ಕೆ ಬಾಯಿ ಬರ್ಲಿಲ್ಲ."

"ಸುಮಿತ್ರ ಬೇರೆಯೋಳೇನೋ?" ಸಿಟ್ಟು ಬಂತು ನನಗೆ.

"ನಿಮಗಲ್ಲ. ನಂಗೆ ಬೇರೆಯೋರೇ ಅಲ್ವಾ ಅತ್ಗೆ?"

ಬಸ್ಸಿನಲ್ಲಿ ಬರುವಾಗ ಇವನನ್ನು ನಾನು ಮನಸ್ಸಲ್ಲಿ ಕರೆದದ್ದೂ ಅದೇ ಹೆಸರಿನಿಂದಲೇ ತಾನೆ? ಬೇರೆಯವನು ಅಂತ.

ಆಮೇಲೆ ಕಾನೂನಿನ ಕಥೆ ಹೇಳಿದೆ. ವಿಲ್ ಇಲ್ಲದಿದ್ದರೆ ನನ್ನ ಮನೆ ನಿನಗೇ ಬರುತ್ತದಂತೆ ಕಣೋ ಅಂದೆ. ನಂಜುಂಡ ಬಾಯಿ ಬಿಟ್ಟುಕೊಂಡು ಕೂತ.

"ನಿಮ್ಮನೆ ನಂಗ್ಯಾಕೆ? ಯಾವನು ಮಾಡಿದ್ದು ಈ ಕಾನೂನ?"

ಪುಟ್ಟಲಕ್ಷ್ಮಿ ಮಾತ್ರ ಗಂಡನಷ್ಟು ಸಲೀಸಾಗಿ ಹೇಳಲಿಲ್ಲ. "ನಾವೇನೋ ಬ್ಯಾಡ ಅಂತೀವಿ ಅಕ್ಕ. ನಾಳೆ ನಮ್ ಮಕ್ಳು ಏನಂತಾರೋ ಯಾರ್ ಕಂಡೋರು? ಬರ್ದೇ ಬುಡಿ" ಅಂದಳು. ಇಡೀ ದಿನ ನಾನು ಕೇಳಿದ ಸ್ಪಷ್ಟವಾದ ಮಾತು ಅದೊಂದೇ.

ದೀಪಾ ಮತ್ತೆ ಬರೆದಳು. ಮನೆ ಮತ್ತು ಬ್ಯಾಂಕಿನದು ಸುಮಿತ್ರಳಿಗೆ, ತೋಟದ ಪಾಲು ನಂಜುಂಡನಿಗೆ. ಸಾಕ್ಷಿಗೆ ಆಸ್ತಿಯ ಗೊಡವೆ ಇಲ್ಲದ ಅಕ್ಕಪಕ್ಕದ ಮನೆಯ ಇಬ್ಬರು. "ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದ್ರೆ ಒಳ್ಳೇದು" ಅಂದಳು. ಮಾಡಿಸಿದೆ. ಅಂತೂ ಮುಗೀತಪ್ಪಾ ಅಂತ ಹೊರಗೆ ಬರುವಾಗ ಅವಳದು ಇನ್ನೊಂದು ಪ್ರಶ್ನೆ. "ಮೇಡಂ, ನಿಮಗಿಂತ ಮೊದ್ಲು ನಿಮ್ಮ ತಂಗಿ ಹೋದ್ರೆ?"

ಇದಕ್ಕೆ ಕೊನೆ ಇದೆಯೇ? ಮೂವರು ಬದುಕಿರುವವರ ನಡುವೆ ಇಷ್ಟು ಬಗೆಯ ಸಾವುಗಳನ್ನು ಹಿಂದುಮುಂದು ಜೋಡಿಸಿ ನೋಡಬೇಕೇ? ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಅರ್ಥವಾದಷ್ಟಕ್ಕೆ ಸಹಿ ಹಾಕಿದ್ದೇನೆ.

ಮನೆಗೆ ಬಂದು ಸುಮಿತ್ರಳ ಮುಂದೆ ವಿಲ್ ಇಟ್ಟೆ. ಖುಷಿಪಡುತ್ತಾಳೆ, ಕಡೇಪಕ್ಷ ಸಮಾಧಾನವಾದರೂ ಆಗುತ್ತದೆ ಅಂದುಕೊಂಡಿದ್ದೆ. ಅವಳು ಮುಟ್ಟಿಯೂ ನೋಡಲಿಲ್ಲ. ಸೊಪ್ಪು ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು.

"ಅಷ್ಟು ದೊಡ್ಡ ಮನೇಲಿ ನಾನೊಬ್ಳೇ ಏನ್ ಮಾಡ್ಲಿ ಅಕ್ಕ? ಅದನ್ನ ಕೇಳಿದ್ಯಾ ಆ ಲಾಯರ್‌ನ?"

ಕೇಳಿರಲಿಲ್ಲ. ಕೇಳಿದ್ದರೂ ಯಾವ ಲಾಯರು ಹೇಳಿಯಾರು?

ಮನೆಯನ್ನೇನೋ ತಂಗಿಗೆ ಬಿಟ್ಟೆ. ತಂಗಿಯನ್ನು ಯಾರಿಗೆ ಬಿಡಲಿ?