ಪರವಾನಗಿಗೆ ಊದಿನ ಹೊಗೆ

ತಾನೇ ಜೋಡಿಸಿದ ಬೆಂಕಿ ಅಲಾರಾಂ ತನ್ನ ಮೇಲೆಯೇ ಬೊಬ್ಬೆ ಹೊಡೆದರೆ ಮನುಷ್ಯನಿಗೆ ಹೇಗಾಗುತ್ತದೆ ಎಂಬುದನ್ನು ಜಲೀಲರಿಗಿಂತ ಚೆನ್ನಾಗಿ ಬಲ್ಲವರು ಕತಾರಿನ ಮುಐದರಿನಲ್ಲಿ ಬೇರೆ ಇರಲಾರರು.

ಅದು ಅಬು ಫಹದ್ ಎಂಬ ಅರಬಿ ಯಜಮಾನರ ಹೊಸ ವಿಲ್ಲಾ. ಗಂಡಸು ಅತಿಥಿಗಳನ್ನು ಕೂರಿಸಿ ಮಾತಾಡುವ ದೊಡ್ಡ ಕೋಣೆಗೆ ಅಲ್ಲಿ ಮಜ್ಲಿಸ್ ಎನ್ನುತ್ತಾರೆ. ಆ ಮಜ್ಲಿಸಿನ ಚಾವಣಿಗೆ ಹೊಗೆ ಪತ್ತೆ ಹಚ್ಚುವ ಡಿಟೆಕ್ಟರುಗಳನ್ನು ಹಾಕಿ, ವೈರು ಎಳೆದು, ಬಾಗಿಲ ಬಳಿಯ ಪ್ಯಾನೆಲಿಗೆ ಕೂಡಿಸಿ, "ಖಲಾಸ್, ಕೆಲಸ ಮುಗಿಯಿತು" ಎಂದು ಹೇಳಲು ಜಲೀಲರು ಹೋದ ಸಂಜೆ ಅಲ್ಲಿ ಯಜಮಾನರ ಮಾವನ ಕಡೆಯ ನೆಂಟರು ಸಾಲಾಗಿ ಕೂತಿದ್ದರು. ಬಾಗಿಲಲ್ಲೇ ಹೇಳಿ ಹೊರಡುತ್ತೇನೆಂದವರನ್ನು ಅಬು ಫಹದ್ ಬಿಡಲಿಲ್ಲ. ಕಾಫಿ ಕುಡಿಸಿದರು, ಖರ್ಜೂರ ತಿನ್ನಿಸಿದರು. ಕೊನೆಗೆ ಊದ್ ಬಂತು.

ಊದ್ ಎಂದರೆ ನಮ್ಮ ಊದುಬತ್ತಿಯ ಶ್ರೀಮಂತ ಅಜ್ಜ. ಪಾತ್ರೆಯಲ್ಲಿ ಕೆಂಡ, ಕೆಂಡದ ಮೇಲೆ ಪರಿಮಳದ ಮರದ ಚೂರು. ಪಾತ್ರೆ ಅತಿಥಿಯಿಂದ ಅತಿಥಿಗೆ ದಾಟುತ್ತದೆ. ಬಲ್ಲವರು ಅದರ ಹೊಗೆಯನ್ನು ಗಡ್ಡಕ್ಕೆ, ತಲೆವಸ್ತ್ರಕ್ಕೆ ಅಷ್ಟಿಷ್ಟು ಬಾಚಿಕೊಂಡು ಮುಂದೆ ಕೊಡುತ್ತಾರೆ. ಜಲೀಲರಿಗೆ ಗಡ್ಡ ಕಡಿಮೆ, ಮರ್ಯಾದೆ ಸಿಕ್ಕಿದ ಖುಷಿ ಜಾಸ್ತಿ. ಪಾತ್ರೆಯನ್ನು ಎತ್ತಿ ಹಿಡಿದು ಕಾಲರಿನೊಳಗೆ ಒಂದಿಷ್ಟು, ತೋಳಿನೊಳಗೆ ಒಂದಿಷ್ಟು ಹೊಗೆ ತುಂಬಿಕೊಂಡರು. ಊದ್ ಎಂದ ಮೇಲೆ ಊದಬೇಡವೇ ಎಂಬಂತೆ ಕೆಂಡವನ್ನು ಒಮ್ಮೆ ಜೋರಾಗಿ ಊದಿಯೂ ಬಿಟ್ಟರು.

ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಮೇಲೆ ಅವರದೇ ಡಿಟೆಕ್ಟರ್ ಇತ್ತು.

ಆಮೇಲಿನದು ಸದ್ದು. ನೆಂಟರೆಲ್ಲ ಅಂಗಳಕ್ಕೆ ಓಡಿದರು. ಅಲಾರಾಂ ನಿಲ್ಲಿಸಲು ಬೇಕಾದ ಪ್ಯಾನೆಲಿನ ಕೀಲಿ ಜಲೀಲರ ಪಿಕಪ್ಪಿನಲ್ಲಿ ಉಳಿದಿತ್ತು. ಪಿಕಪ್ ಇದ್ದದ್ದು ಗೇಟಿನಾಚೆ, ನೆಂಟರ ಲ್ಯಾಂಡ್ ಕ್ರೂಸರುಗಳ ಹಿಂದೆ. ಜಲೀಲರು ಬಾಗಿಲಲ್ಲಿ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಓಡಿದರು. ಕೀಲಿ ತಂದು ಸದ್ದು ಅಡಗಿಸಿ ಬೆವರು ಒರೆಸಿಕೊಳ್ಳುವಾಗ ನೋಡಿದರೆ, ಯಜಮಾನರ ಮಾವ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದಾರೆ. ಎಲ್ಲರೂ ಮಜ್ಲಿಸಿನ ಕಡೆ ನೋಡುತ್ತಿದ್ದರೆ ಆ ಹಿರಿಯರು ಮಾತ್ರ ಜಲೀಲರ ಕಾಲನ್ನೇ ನೋಡುತ್ತಿದ್ದರು.

ಅಬು ಫಹದ್ ಸಿಟ್ಟಿನ ಮನುಷ್ಯರಲ್ಲ. ಹೆಗಲ ಮೇಲೆ ಕೈ ಹಾಕಿ ಅರ್ಧ ಅರಬಿ, ಅರ್ಧ ಹಿಂದಿಯಲ್ಲಿ ಹೇಳಿದರು: "ಜಲೀಲ್, ನಿನ್ನ ಡಬ್ಬಿ ಒಳ್ಳೆಯದು. ಆದರೆ ಊದ್ ನನ್ನ ಅಜ್ಜನ ಕಾಲದಿಂದ ಉಂಟು, ನಿನ್ನ ಡಬ್ಬಿ ಬಂದದ್ದು ಮೊನ್ನೆ. ಇನ್ನೊಮ್ಮೆ ಕೂಗಿದರೆ ಮಾಫಿ ಡಬ್ಬಿ, ಡಬ್ಬಿಯೇ ಇಲ್ಲ. ಬಿಚ್ಚಿಕೊಂಡು ಹೋಗು."

ಬಿಚ್ಚಿದರೆ ಜಲೀಲರ ಹೊಟ್ಟೆಪಾಡೇ ಬಿಚ್ಚಿಕೊಳ್ಳುವಂತಿತ್ತು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉಪ್ಪಿನಂಗಡಿಯ ಜಲೀಲರು ಕತಾರಿಗೆ ಬಂದದ್ದು ವೈರು ಎಳೆಯುವ ಹೆಲ್ಪರ್ ಆಗಿ. ಮೊದಲ ವರ್ಷಗಳು ದೂರದ ಅಲ್ ಖೋರಿನ ಕೆಲಸಕ್ಕೆ ಒಯ್ಯುವ ಕಂಪನಿ ಬಸ್ಸಿನಲ್ಲಿ ಹೋದವು. ಬೆಳಗ್ಗೆ ಕಣ್ಣು ಬಿಡುವ ಮೊದಲು ಹತ್ತಬೇಕು, ಸಂಜೆ ಕಣ್ಣು ಮುಚ್ಚಿದ ಮೇಲೆ ಇಳಿಯಬೇಕು. ಪಕ್ಕದವನ ಹೆಗಲು ತನ್ನ ತಲೆದಿಂಬು, ತನ್ನ ಹೆಗಲು ಇನ್ನೊಬ್ಬನದು. ಆ ಬಸ್ಸಿನಿಂದ ಅವರನ್ನು ಇಳಿಸಿದವರು ಕಣ್ಣೂರಿನ ಒಬ್ಬ ಮುದಲಾಳಿ, ಎಂದರೆ ಧಣಿ. ಅವರದು 'ಲೋ ಕರೆಂಟ್' ಕೆಲಸದ ಸಣ್ಣ ಕಂಪನಿ. ಲೋ ಕರೆಂಟ್ ಎಂದರೆ ಕರೆಗಂಟೆ, ಕ್ಯಾಮೆರಾ, ಇಂಟರ್‌ಕಾಮ್, ಕಳ್ಳರ ಅಲಾರಾಂ, ಬೆಂಕಿ ಅಲಾರಾಂ. ಮುಟ್ಟಿದರೆ ಮನುಷ್ಯ ಸಾಯದಂಥ ಕರೆಂಟಿನ ಬಾಬತ್ತು. ಜಲೀಲರ ಸ್ವಭಾವಕ್ಕೂ ಅದು ಹೊಂದುತ್ತಿತ್ತು. ಅವರು ವೈರು ಎಳೆದದ್ದು ಕಿಲೋಮೀಟರ್ ಗಟ್ಟಲೆ ಇರಬಹುದು, ವೈರ ಕಟ್ಟಿಕೊಂಡದ್ದು ಒಂದಿಂಚೂ ಇಲ್ಲ.

ಹೀಗೆ ಪರರ ಪರವಾನಗಿಯಲ್ಲಿ ನೆಮ್ಮದಿಯಾಗಿದ್ದಾಗ ಮುದಲಾಳಿಗೆ ಮೊಣಕಾಲು ನೋವು ಬಂತು. "ಜಲೀಲೇ, ನಾನು ಕಣ್ಣೂರಿಗೆ ಹೋಗುತ್ತೇನೆ. ಲೈಸೆನ್ಸ್ ನಿನ್ನ ಹೆಸರಲ್ಲಿ ಮಾಡಿಕೊಂಡರೆ ಕಂಪನಿ ನಿನ್ನದು. ಇಲ್ಲದಿದ್ದರೆ ಶಟರ್ ಎಳಿ," ಎಂದರು. ಲೈಸೆನ್ಸಿಗೆ ಎರಡು ಗಂಡಾಂತರ. ಕಂಪ್ಯೂಟರಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಬೇಕು. ಆಮೇಲೆ ಕೆಲಸ ಮಾಡುತ್ತಿರುವ ಒಂದು ಅಲಾರಾಂ ವ್ಯವಸ್ಥೆಯನ್ನು ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಎರಡರಲ್ಲಿ ಒಂದು ಆಗದಿದ್ದರೂ ಅಲ್ ಖೋರಿನ ಬಸ್ಸು. ಈ ವಯಸ್ಸಿನಲ್ಲಿ ಮತ್ತೆ ಇನ್ನೊಬ್ಬನ ಹೆಗಲ ಮೇಲೆ ನಿದ್ದೆ.

ಪರೀಕ್ಷೆಗೆ ಟ್ಯೂಷನ್ ಕೊಟ್ಟವಳು ಹೆಂಡತಿ ನಶೀದಾ, ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಸಟ್ಟುಗ ಹಿಡಿದು.

"ವಾಟ್ ಈಸ್ ಎ ಫಾಲ್ಸ್ ಅಲಾರಾಂ?"

"ಬೆಂಕಿ ಇಲ್ಲದೆ ಬೊಬ್ಬೆ ಹೊಡೆಯುವುದು."

"ಇಂಗ್ಲಿಷಲ್ಲಿ ಹೇಳಿ."

"ನಿನ್ನ ಉಮ್ಮ ಊರಿಂದ ಫೋನ್ ಮಾಡ್ತಾರಲ್ಲ, ಅದೇ."

"ಹಾಗೇ ಬರೆದು ಬನ್ನಿ. ಅಲ್ ಖೋರಿನ ಬಸ್ಸು ಗೇಟಿನ ಹತ್ತಿರವೇ ಕಾಯ್ತಾ ಇರ್ತದೆ."

ಮೊದಲ ಸಲ ಜಲೀಲರು ನಪಾಸಾದರು. ಕೆಲಸ ಗೊತ್ತಿಲ್ಲದೆ ಅಲ್ಲ. ವೈರಿನ ಸಾಲಿನ ತುದಿಗೆ ಹಾಕುವ ಸಣ್ಣ ರೆಸಿಸ್ಟರಿಗೆ ಅವರು ಇಷ್ಟು ಕಾಲವೂ 'ಬಾಲ' ಎನ್ನುತ್ತಿದ್ದರು. ಕಂಪ್ಯೂಟರ್ ಅದರ ಪೂರ್ತಿ ಇಂಗ್ಲಿಷ್ ಹೆಸರು ಹಿಡಿದು ಕೇಳಿದಾಗ, ಇದ್ಯಾವುದೋ ಹೊಸ ಸಾಮಾನು ಎಂದು ಬಿಟ್ಟುಬಿಟ್ಟರು. ಎರಡನೇ ಸಲ ಬಾಲ ಹಿಡಿದುಕೊಂಡೇ ಪಾಸಾದರು. ಆ ದಿನ ನಶೀದಾ ಶಾವಿಗೆ ಪಾಯಸ ಮಾಡಿದಳು.

ಉಳಿದದ್ದು ಇನ್‌ಸ್ಪೆಕ್ಷನ್. ಮುದಲಾಳಿ ಹೋದ ಮೇಲೆ ಜಲೀಲರ ಕೈಯಲ್ಲಿ ಸ್ವಂತದ್ದೆಂದು ಇದ್ದ ಕೆಲಸ ಒಂದೇ. ಅದೇ ಅಬು ಫಹದರ ಮಜ್ಲಿಸ್. ಊದ್ ಘಟನೆ ನಡೆದದ್ದು ಇನ್‌ಸ್ಪೆಕ್ಟರ್ ಬರಲು ವಾರವಿದ್ದಾಗ. ಕನ್ನಡದಲ್ಲಿ ಹೊಗೆ ಹಾಕಿಸಿಕೊಳ್ಳುವುದು ಎಂದರೆ ಏನೆಂದು ಜಲೀಲರಿಗೆ ಆ ಸಂಜೆ ಅಕ್ಷರಶಃ ಅರ್ಥವಾಯಿತು.

ತಪ್ಪು ಎಲ್ಲಿ? ಡಿಟೆಕ್ಟರ್ ಇದ್ದದ್ದು ನಿಯಮದ ಪ್ರಕಾರವೇ. ಆದರೆ ಜಲೀಲರು ಅದನ್ನು ಹಾಕುವಾಗ ಕೋಣೆ ಖಾಲಿಯಿತ್ತು. ಪೀಠೋಪಕರಣ ಬಂದ ಮೇಲೆ ಹಿರಿಯ ಅತಿಥಿಯ ಆಸನ, ಅದರ ಮುಂದೆ ಊದ್ ಇಡುವ ಪುಟ್ಟ ಮೇಜು ಸರಿಯಾಗಿ ಅದರ ಕೆಳಗೇ ಬಂದು ಕೂತವು. ಆಸನ ಸರಿಸಬಹುದೇ ಎಂದು ಕೇಳಿದ್ದಕ್ಕೆ ಅಬು ಫಹದ್, "ನನ್ನ ಮಾವನನ್ನು ಮೂಲೆಯಲ್ಲಿ ಕೂರಿಸಲಾ? ಅವರ ಚಪ್ಪಲಿ ಮೆಟ್ಟಿಕೊಂಡು ಓಡಿದ್ದು ಸಾಲದೇ?" ಎಂದರು. ಡಿಟೆಕ್ಟರ್ ಸರಿಸೋಣವೆಂದರೆ ಚಾವಣಿಯ ತುಂಬ ಚಿನ್ನದ ಬಣ್ಣದ ಜಿಪ್ಸಂ ಹೂಬಳ್ಳಿ. ಅದಕ್ಕೆ ಡ್ರಿಲ್ ತಾಗಿಸಲು ಯಜಮಾನರು ಸುತರಾಂ ಒಪ್ಪಲಿಲ್ಲ.

ಗೆಳೆಯ ಯತಿರಾಜ್ ಮುಲ್ಕಿಯವನು, ಅಲ್ ರಯ್ಯಾನಿನಲ್ಲಿ ಎಸಿ ರಿಪೇರಿ ಮಾಡುತ್ತಾನೆ. ಅವನಿಗೆ ಇದು ಸಮಸ್ಯೆಯಾಗಿ ಕಾಣಲೇ ಇಲ್ಲ.

"ಎಂತ ಮಾರಾಯ ಜಲೀಲ್, ಒಂದು ಶವರ್ ಕ್ಯಾಪ್ ಹಾಕು. ಮುಐದರಿನಲ್ಲಿ ಸ್ನಾನಕ್ಕೆ ಕ್ಯಾಪ್ ಹಾಕಿದ ಹೆಂಗಸರಿಗಿಂತ ಕ್ಯಾಪ್ ಹಾಕಿದ ಡಿಟೆಕ್ಟರುಗಳೇ ಜಾಸ್ತಿ ಉಂಟು."

ಸುಳ್ಳಲ್ಲ. ಮೂರು ನಾಲ್ಕು ಸಂಸಾರ ಹಂಚಿಕೊಂಡಿರುವ ವಿಲ್ಲಾಗಳಲ್ಲಿ ಯಾರಾದರೊಬ್ಬರು ಯಾವಾಗಲೂ ಏನಾದರೂ ಹುರಿಯುತ್ತಲೇ ಇರುತ್ತಾರೆ. ಹೋಟೆಲಿನಿಂದ ತಂದ ಪ್ಲಾಸ್ಟಿಕ್ ಟೊಪ್ಪಿಗಳೆಲ್ಲ ಚಾವಣಿ ಸೇರುವುದು ಅಲ್ಲಿನ ಪದ್ಧತಿ.

"ಇನ್‌ಸ್ಪೆಕ್ಟರ್ ಮೊದಲು ನೋಡುವುದೇ ಮೇಲೆ," ಎಂದರು ಜಲೀಲರು.

"ಅವರು ಬರುವಾಗ ತೆಗಿ, ಹೋದ ಮೇಲೆ ಹಾಕು."

"ಬಂದವರಿಗೇ ಇವರು ಊದ್ ಹಿಡಿದರೆ?"

ಯತಿರಾಜ್ ಯೋಚಿಸಿದ. "ಹಾಗಾದ್ರೆ ಬಸ್ಸಲ್ಲಿ ಕಿಟಕಿ ಸೀಟು ಹಿಡಿ," ಎಂದ.

ಮನೆಗೆ ಬಂದ ಜಲೀಲರ ಕಣ್ಣು ನೇರ ಹೋದದ್ದು ತಮ್ಮ ಅಡುಗೆಮನೆಯ ಬಾಗಿಲ ಹೊರಗಿದ್ದ ಡಿಟೆಕ್ಟರಿನ ಕಡೆ. ಅದೂ ನೀಲಿ ಟೊಪ್ಪಿ ಹಾಕಿಕೊಂಡು ಕೂತಿತ್ತು, ನಶೀದಾಳ ಕೃಪೆ. ಅಲಾರಾಂ ಕಂಟ್ರಾಕ್ಟರ್ ಆಗಹೊರಟವನ ಮನೆ ಇದು! ಕುರ್ಚಿ ಹತ್ತಿ ಟೊಪ್ಪಿ ಕಿತ್ತರು.

"ಅದನ್ನು ಯಾಕೆ ತೆಗಿತೀರಿ? ಬಂಗುಡೆ ಹುರಿಯಲಿಕ್ಕೆ ಉಂಟು."

"ಇನ್‌ಸ್ಪೆಕ್ಟರ್ ಇಲ್ಲಿಗೂ ಬಂದರೆ?"

"ಅವರು ನಮ್ಮಲ್ಲಿಗೆ ಎಂತಕ್ಕೆ ಬರ್ತಾರೆ? ಬಂಗುಡೆ ತಿನ್ನಲಿಕ್ಕಾ?"

ಬಂಗುಡೆ ಕಾವಲಿಗೆ ಬಿತ್ತು. ಮಸಾಲೆಯ ಹೊಗೆ ಎದ್ದಿತು. ಜಲೀಲರು ಡಿಟೆಕ್ಟರಿನ ಕೆಳಗೆ ಕತ್ತು ಎತ್ತಿ, ಹಲ್ಲು ಕಚ್ಚಿ ನಿಂತರು. ಮೊದಲ ಸುತ್ತಿನ ಮೀನು ಬೆಂದಿತು, ಎರಡನೆಯದೂ ಬೆಂದಿತು. ಡಿಟೆಕ್ಟರ್ ಉಸಿರೆತ್ತಲಿಲ್ಲ.

"ಇದು ಹಾಳಾಗಿದೆಯಾ? ಯಾಕೆ ಕೂಗುವುದಿಲ್ಲ?"

"ಕಿಟಕಿ ತೆರೆದಿದ್ದೇನೆ, ಕಾಣುವುದಿಲ್ಲವಾ?" ಎಂದಳು ನಶೀದಾ, ಮೀನು ಮಗುಚುತ್ತ. "ಈಗ ಚಳಿಗಾಲ ಅಲ್ಲವಾ. ಕೂಗಬೇಕಾದರೆ ಮುಚ್ಚುತ್ತೇನೆ."

ಮರುದಿನ ಜಲೀಲರು ಅಬು ಫಹದರಿಗೆ ಕಿಟಕಿಯ ವಿಷಯ ಹೇಳಿದಾಗ, ಯಜಮಾನರು ಅರಮನೆಗೆ ಕನ್ನ ಕೊರೆಯುವ ಮಾತು ಕೇಳಿದಂತೆ ನೋಡಿದರು.

"ತೆರೆಯುವುದಾ? ಕಿಟಕಿ ಇರುವುದು ಪರದೆ ಹಾಕಲಿಕ್ಕೆ."

ಅವರ ಮಾತಿನಲ್ಲೂ ತಪ್ಪಿರಲಿಲ್ಲ. ವರ್ಷವಿಡೀ ಎಸಿ ಓಡುವ ಮನೆ. ಕಿಟಕಿಯ ಅಂಚಿಗೆ ಧೂಳು ಬಾರದಂತೆ ಗಾರೆಯವರು ಸಿಲಿಕಾನ್ ಬಳಿದು ಹೋಗಿದ್ದರು. ಜಲೀಲರು ಚಾಕು ಹಿಡಿದು ಅದನ್ನು ಕೆರೆದು, ಹಿಡಿಗೆ ಎಣ್ಣೆ ಬಿಟ್ಟು, ಹೆಗಲು ಕೊಟ್ಟು ದೂಡಿದರು. ಕಿಟಕಿ ನರಳುತ್ತ ತೆರೆಯಿತು. ತಣ್ಣನೆ ಗಾಳಿಯ ಜೊತೆ ಪಕ್ಕದ ಮನೆಯ ಆಡಿನ ಸದ್ದೂ ಒಳಗೆ ಬಂತು. ಅಬು ಫಹದ್ ಅಲ್ಲೇ ಕೂತು, "ಯಲ್ಲಾ, ಎಸಿ ಬಂದ್ ಮಾಡು," ಎಂದರು. ಊದ್ ತರಿಸಿ ನೋಡಿದರು. ಡಬ್ಬಿ ಕೂಗಲಿಲ್ಲ. ಆದರೂ ಇಬ್ಬರಿಗೂ ಪೂರ್ತಿ ನಂಬಿಕೆ ಬರಲಿಲ್ಲ.

ಇನ್‌ಸ್ಪೆಕ್ಷನ್ ದಿನ ಬೆಳಗ್ಗೆಯೇ ಕಿಟಕಿ ತೆರೆದಿಟ್ಟು ಎಸಿ ಬಂದ್ ಮಾಡಿದರು. ಇನ್‌ಸ್ಪೆಕ್ಟರ್ ಸುಡಾನ್ ಮೂಲದ ಎಂಜಿನಿಯರ್, ಎತ್ತರದ ಆಳು. ವೃತ್ತಿಯಿಂದಲೇ ತಲೆ ಎತ್ತಿ ನಡೆಯುವವರು. ಮಜ್ಲಿಸಿನ ಹೊಸ ರತ್ನಗಂಬಳಿಗೆ ಎಡವಿದ್ದೂ ಅದರಿಂದಲೇ. ಪ್ಯಾನೆಲ್ ತೆರೆದು ನೋಡಿದರು. ಬ್ಯಾಟರಿ ಮುಟ್ಟಿದರು. 'ಬಾಲ' ಎಲ್ಲಿ ಎಂದು ಅದರ ಪೂರ್ತಿ ಹೆಸರು ಹಿಡಿದು ಕೇಳಿದರು, ಜಲೀಲರು ತೋರಿಸಿದರು. ಉದ್ದನೆಯ ಕೋಲಿನ ತುದಿಯಿಂದ ಪರೀಕ್ಷೆಯ ಹೊಗೆಯನ್ನು ಒಂದೊಂದೇ ಡಿಟೆಕ್ಟರಿಗೆ ಬಿಟ್ಟರು. ಪ್ರತಿಯೊಂದೂ ಹೇಳಿಕೊಟ್ಟ ಹಾಗೆ ಕೂಗಿತು. ಎಲ್ಲ ಮುಗಿದು ಅವರು ಟ್ಯಾಬಿನ ಮೇಲೆ ಸಹಿ ಹಾಕಲು ಬೆರಳೆತ್ತಿದಾಗ ಅಬು ಫಹದ್ ಎದ್ದು ನಿಂತರು.

"ನಮ್ಮ ಮನೆಗೆ ಬಂದವರು ಊದ್ ಇಲ್ಲದೆ ಹೋಗುವುದಿಲ್ಲ."

ಇನ್‌ಸ್ಪೆಕ್ಟರ್ ಬೇಡವೆನ್ನುವಂತಿರಲಿಲ್ಲ. ಅವರೂ ಅದೇ ಮರ್ಯಾದೆಯಲ್ಲಿ ಬೆಳೆದವರು. ಹಿರಿಯ ಅತಿಥಿಯ ಆಸನದಲ್ಲಿ ಕೂತರು. ಪಾತ್ರೆ ಬಂತು. ಅವರು ಎರಡೂ ಕೈಯಿಂದ ಹೊಗೆಯನ್ನು ಎದೆಗೆ ಬಾಚಿಕೊಂಡರು. ಜಲೀಲರ ಕಣ್ಣ ಮುಂದೆ ಅಲ್ ಖೋರಿನ ಬಸ್ಸು ಬಾಗಿಲು ತೆರೆದು ನಿಂತಿತು. ಹೊಗೆ ಎದ್ದಿತು, ಚಾವಣಿಯ ಕಡೆ ಹೊರಟಿತು, ನಡುವೆ ಏನೋ ನೆನಪಾದಂತೆ ತಡೆಯಿತು. ಮತ್ತೆ ವಾಲಿಕೊಂಡು, ಹೇಳದೆ ಹೊರಡುವ ನೆಂಟನಂತೆ ಕಿಟಕಿಯಿಂದ ಆಚೆ ಹೋಯಿತು.

ಡಿಟೆಕ್ಟರ್ ಸುಮ್ಮನಿತ್ತು. ಇನ್‌ಸ್ಪೆಕ್ಟರ್ ಮೇಲೆ ನೋಡಿದರು, ಪಾತ್ರೆ ನೋಡಿದರು, ಕಿಟಕಿ ನೋಡಿದರು. ಟ್ಯಾಬಿನ ಮೇಲೆ ಬೆರಳಾಡಿಸಿ ಸಹಿ ಹಾಕಿದರು. "ಮಬ್ರೂಕ್, ಮಿಸ್ಟರ್ ಜಲೀಲ್," ಎಂದು ಕೈ ಕುಲುಕಿದರು.

ಬಾಗಿಲ ತನಕ ಹೋದ ಇನ್‌ಸ್ಪೆಕ್ಟರ್ ತಿರುಗಿ ನಿಂತರು.

"ಇದು ಫೈಲಿಗಲ್ಲ, ನನ್ನ ಕುತೂಹಲಕ್ಕೆ. ಕಿಟಕಿಯ ಉಪಾಯ ಚೆನ್ನಾಗಿದೆ. ಆದರೆ ಈಗ ಫೆಬ್ರವರಿ. ಜುಲೈಯಲ್ಲಿ ಈ ಕಿಟಕಿ ತೆರೆದರೆ ಇಲ್ಲಿ ಕೂತವರೇ ಬೇಯುತ್ತಾರೆ. ಕಂಟ್ರಾಕ್ಟರ್ ಆಗಿ ನೀವು ಜುಲೈಗೆ ಏನು ಏರ್ಪಾಡು ಮಾಡಿದ್ದೀರಿ?"

ಅಬು ಫಹದ್ ಕೂಡ ಆಸೆಯಿಂದ ಜಲೀಲರ ಮುಖ ನೋಡಿದರು. ಜಲೀಲರು ಕಿಟಕಿಯ ಕಡೆ ನೋಡಿದರು.

"ಜುಲೈಯಲ್ಲಿ ನನಗೆ ರಜೆ, ಸರ್. ಊರಿಗೆ ಹೋಗ್ತೇನೆ."