ಹುರುಳಿ ಒಕ್ಕಣೆಯೂ ನನ್ನ ತಂಗಿಯ ವಿಮಾನವೂ

ನನ್ನ ತಂಗಿ ಮಂಡ್ಯದಲ್ಲಿ ಹಲ್ಲಿನ ಡಾಕ್ಟರು. ವಾರವೆಲ್ಲ ಜನರ ಬಾಯಿಗೆ ಟಾರ್ಚು ಬಿಟ್ಟುಕೊಂಡು ನಿಲ್ಲುವವಳು ಭಾನುವಾರ ಬಂತೆಂದರೆ ಮೈಸೂರಿನ ಕಡೆ ಹೋಗಿ ವಿಮಾನ ಹಾರಿಸುತ್ತಾಳೆ. ಇಬ್ಬರು ಕೂರುವಷ್ಟು ಪುಟಾಣಿ ವಿಮಾನ. ಕಲಿಯಲು ಸೇರಿದ್ದೇನೆ ಎಂದು ಅವಳು ಮೊದಲ ಸಲ ಫೋನು ಮಾಡಿದಾಗ ನಾನು ಮದ್ದೂರಿನ ನನ್ನ ಔಷಧಿ ಅಂಗಡಿಯಲ್ಲಿದ್ದೆ. ಗಿರಾಕಿಗಳ ಎದುರಿಗೇ, "ನಿಂಗೇನ್ ಕೊಬ್ಬಾ?" ಎಂದು ಬೈದೆ. ಅವಳು ನಕ್ಕುಬಿಟ್ಟಳು.

ಪರವಾನಗಿ ಕೈಗೆ ಬಂದ ಹೊಸತರಲ್ಲೇ ಒಂದು ದಿನ ಇಳಿಸುವಾಗ ವಿಮಾನದ ಮೂತಿ ಮುರಿದಳು. ಚಕ್ರ ನೆಲಕ್ಕೆ ತಾಗಿ ವಿಮಾನ ಪುಟಿಯಿತಂತೆ. ಹಾಗೆ ಪುಟಿದಾಗ ಹೊಸಬರ ಕೈ ತಾನಾಗಿಯೇ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ, ಹೇಗಾದರೂ ಇಳಿದುಬಿಡೋಣ ಎಂದು. ಆಗ ಅದು ಇನ್ನೂ ಜೋರಾಗಿ ಪುಟಿಯುತ್ತದೆ. ಕೊನೆಗೆ ಮುಂದಿನ ಚಕ್ರ ಮುರಿದು, ಮೂತಿಯಲ್ಲಿ ತಿರುಗುವ ಫ್ಯಾನು ನೆಲಕ್ಕೆ ಬಡಿದು, ವಿಮಾನ ಮುಗ್ಗರಿಸಿ ನಿಂತಿತು. ಪುಣ್ಯಕ್ಕೆ ಅವಳ ಹಣೆಯ ಮೇಲೆ ಬುಗುಟೊಂದು ಎದ್ದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

"ಮೊದಲ್ನೇ ಸಲ ಪುಟಿದಾಗ್ಲೇ ಇಂಜಿನ್ನಿಗೆ ಪೂರ್ತಿ ಜೋರು ಕೊಟ್ಟು ಮೇಲೆ ಎದ್ದುಬಿಡ್ಬೇಕಿತ್ತು ಅಣ್ಣ. ಒಂದ್ ಸುತ್ತು ಹಾಕ್ಕೊಂಡು ಬಂದು ಮತ್ತೆ ಇಳಿಸ್ಬೋದಿತ್ತು. ಆದ್ರೆ ಎಲ್ಲಾರೂ ನೋಡ್ತಾವ್ರಲ್ಲ, ಇಳಿಸೋಕೆ ಬರಲ್ಲ ಅಂತಾರೆ ಅನ್ನಿಸ್ಬಿಡ್ತು," ಎಂದಳು.

ಮಳವಳ್ಳಿ ಹತ್ತಿರದ ನಮ್ಮ ಹಳ್ಳಿಗೆ ಸುದ್ದಿ ಮುಟ್ಟಿದ್ದೇ ತಡ, ಅಪ್ಪ ಹಾರಾಡಿಬಿಟ್ಟ. ಬೇಸಾಯ ಮಾಡಿಕೊಂಡೇ ನಮ್ಮಿಬ್ಬರನ್ನೂ ಓದಿಸಿದ ಮನುಷ್ಯ ಅವನು. ವಾದ, ಜಗಳ, ಮುನಿಸು ಎಲ್ಲ ಮುಗಿದ ಮೇಲೆ ಒಂದು ಮಾತು ಹೇಳಿದ: "ನನ್ ಕಣ್ಮುಂದೆ ಒಂದ್ಸಲ ನೆಟ್ಟಗೆ ಇಳ್ಸಿ ತೋರ್ಸು. ಆಮ್ಯಾಕೆ ನಾನು ಬಾಯಿ ಬುಡಾಕಿಲ್ಲ. ಆಗ್ನಿಲ್ವಾ, ಆ ಇಮಾನದ ಕಡೀಕೆ ತಲೆ ಆಕಿ ಮನಗ್ಬ್ಯಾಡ."

ತಂಗಿ ಒಪ್ಪಿಕೊಂಡಳು. ಅಷ್ಟು ಓದಿದ ಡಾಕ್ಟರಮ್ಮ ಅಪ್ಪನ ಮಾತಿಗೆ ಯಾಕೆ ಕಟ್ಟುಬೀಳಬೇಕು ಎಂದು ನೀವು ಕೇಳಬಹುದು. ನಮ್ಮಪ್ಪನನ್ನು ನೀವು ನೋಡಿಲ್ಲ.

ನಮ್ಮೂರಿನ ಆಚೆ ಯಾರೋ ಸಿರಿವಂತರು ತಮ್ಮ ಜಮೀನಿನಲ್ಲಿ ಪುಟ್ಟ ವಿಮಾನಗಳಿಗೆಂದು ಉದ್ದಕ್ಕೆ ಟಾರು ಹಾಕಿಸಿದ್ದರು. ಅಪ್ಪನಿಗೆ ಅಲ್ಲೇ ಇಳಿಸಿ ತೋರಿಸುವುದೆಂದು ತಂಗಿ ಓಡಾಡಿ ಎಲ್ಲ ಅನುಮತಿ ತಂದಳು. ಹಿಂದಿನ ವಾರ ನನ್ನನ್ನೂ ಎಳೆದುಕೊಂಡು ಹೋಗಿ ಆ ಟಾರಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಡೆದು ಕಲ್ಲು ಆಯಿಸಿದಳು. ಸೊಂಟ ಬಿದ್ದುಹೋಯಿತು. ಆದರೂ ಒಳಗೊಳಗೇ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಆ ದಿನ ನಾನು ಮದ್ದೂರಿನಿಂದ ಹೋಗಿ ತಲುಪುವ ಹೊತ್ತಿಗೆ ನೆಂಟರೆಲ್ಲ ಟೆಂಪೋದಲ್ಲಿ ಬಂದಿಳಿದಿದ್ದರು. ಟಾರಿನ ಕಡೆ ನೋಡಿದವನಿಗೆ ಎದೆ ಧಸಕ್ಕೆಂದಿತು. ಅದರ ಉದ್ದಕ್ಕೂ ಕಿತ್ತು ತಂದ ಹುರುಳಿ ಗಿಡ ಹರಡಿತ್ತು. ಪಕ್ಕದಲ್ಲಿ ಅಪ್ಪ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟುಕೊಂಡು ಮದುವೆ ಮನೆಯ ಯಜಮಾನನ ಹಾಗೆ ನಿಂತಿದ್ದ.

"ಏನಪ್ಪ ಇದು?"

"ಉಳ್ಳಿ ಕಣ್ಲಾ, ಕಾಣಾಕಿಲ್ವಾ? ರೋಡ್ನಾಗೆ ಬಸ್ಸು ತುಳಿದ್ರೆ ಒಕ್ಕಣೆ ಆಯ್ತದೆ. ನನ್ ಮಗಳ ಇಮಾನ ತುಳಿದ್ರೆ ಆಗಾಕಿಲ್ವಾ? ವರ್ಸೆಲ್ಲ ಉಳ್ಳಿ ಸಾರು ಉಣ್ಣುವಾಗ ಬಂದೋರ್ಗೆಲ್ಲ ಯೋಳ್ಕಬೋದು!"

ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ, ರಾಗಿ ಎಲ್ಲ ರಸ್ತೆಗೇ ಬೀಳುತ್ತದೆ, ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಟ್ಟು ಹೋಗುತ್ತವೆ. ಆದರೆ ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡರೆ ಕಾರೇ ನಿಂತುಬಿಡುತ್ತದೆ. ಬೈಕಿನವರು ಜಾರಿ ಬೀಳುವುದನ್ನಂತೂ ಕೇಳುವುದೇ ಬೇಡ. ಇನ್ನು ಆಕಾಶದಿಂದ ಆ ವೇಗದಲ್ಲಿ ಬರುವ ಪುಟ್ಟ ಚಕ್ರದ ಗತಿ? ನನಗೆ ಮೈಯೆಲ್ಲ ಉರಿದುಹೋಯಿತು. "ನಿಂಗೆ ತಲೆ ಕೆಟ್ಟಿದೆಯಾ? ಅವಳು ಸತ್ತುಹೋಗ್ತಾಳೆ!" ಎಂದು ಅಷ್ಟು ಜನರ ಮುಂದೆ ಅಪ್ಪನ ಮೇಲೆ ಕೂಗಾಡಿದೆ. ಅಪ್ಪನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಇಂಜಿನ್ನಿನ ಸದ್ದು ಕೇಳಿತು. ಬಂದಳು. ಇಳಿಯುತ್ತಾ ಇಳಿಯುತ್ತಾ ತೀರಾ ಹತ್ತಿರ ಬಂದವಳು ಹುರುಳಿ ಕಂಡದ್ದೇ ಇಂಜಿನ್ನು ಭೋರ್ಗರೆಸಿ ನಮ್ಮ ತಲೆಯ ಮೇಲೇ ಹಾದು ಮೇಲಕ್ಕೆದ್ದಳು.

"ಎದ್ರುಕಂಡ್ಳು ಕಣ್ರಲಾ!" ಎಂದು ಚಿಕ್ಕಪ್ಪ ಚಪ್ಪಾಳೆ ತಟ್ಟಿದ. ಜನ ಗೊಳ್ಳೆಂದು ನಕ್ಕರು. ನಾನೂ ಅಪ್ಪನೂ ಹುಚ್ಚು ಹಿಡಿದವರಂತೆ ಗಿಡಗಳನ್ನು ಬಾಚಿ ಬಾಚಿ ಪಕ್ಕಕ್ಕೆ ಎಸೆಯತೊಡಗಿದೆವು. ಆಮೇಲೆ ಉಳಿದವರೂ ಕೈಹಾಕಿದರು. ಅವಳು ಮೇಲೆ ಸುತ್ತು ಹಾಕುತ್ತಲೇ ಇದ್ದಳು. ಮುಕ್ಕಾಲು ಪಾಲು ಖಾಲಿಯಾದ ಮೇಲೆ ಮತ್ತೆ ಬಂದಳು. ಈ ಸಲ ಚಕ್ರ ಟಾರಿಗೆ ತಾಗಿತು. ಎಲ್ಲರೂ ಹೋ ಎಂದರು.

ವಿಮಾನ ಪುಟಿಯಿತು.

ನನಗೆ ಜೀವ ಬಾಯಿಗೆ ಬಂತು. ಮುಂದೆ ಹುರುಳಿ ಇನ್ನೂ ಬಿದ್ದಿದೆ. ಈಗ ಕೈ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ, ಒತ್ತೇ ಒತ್ತುತ್ತದೆ. ಕೆಳಗೆ ಅಪ್ಪ ನಿಂತಿದ್ದಾನೆ, ನೆಂಟರೆಲ್ಲ ನಿಂತಿದ್ದಾರೆ, ಇಳಿಯದಿದ್ದರೆ ಹಾರುವುದೇ ಮುಗಿಯಿತು. ನಾನಾಗಿದ್ದರೆ ಒತ್ತಿರುತ್ತಿದ್ದೆ, ದೇವರಾಣೆ. ಅವಳು ಒತ್ತಲಿಲ್ಲ. ಇಂಜಿನ್ನು ಪೂರ್ತಿ ಕೂಗಿತು. ವಿಮಾನ ಮೆಲ್ಲಗೆ ಮೇಲಕ್ಕೆದ್ದು, ಹೊಂಗೆ ಮರಗಳನ್ನು ದಾಟಿ, ಮೈಸೂರಿನ ದಿಕ್ಕಿಗೆ ತಿರುಗಿ ಹೊರಟೇಹೋಯಿತು.

"ಅಷ್ಟೆಯಾ? ಇದ್ನ ನೋಡಾಕೆ ಕೆಲ್ಸ ಬುಟ್ಟು ಬಂದ್ವಾ?" ಎಂದು ಗೊಣಗುತ್ತಾ ನೆಂಟರು ಟೆಂಪೋ ಹತ್ತಿದರು. ಅಪ್ಪ ಮಾತ್ರ ಆಕಾಶದ ಕಡೆಗೇ ನೋಡುತ್ತಾ ನಿಂತಿದ್ದ. ಬಾ ಎಂದರೆ ಬರಲೊಲ್ಲ. ನನಗೂ ಒತ್ತಾಯ ಮಾಡುವ ಮನಸ್ಸಾಗಲಿಲ್ಲ.

ಕೊನೆಗೂ ಅವಳ ಫೋನು ಬಂತು. "ಇಳಿದೆ ಅಣ್ಣ, ಏನೂ ತೊಂದ್ರೆ ಇಲ್ಲ," ಎಂದಳು. ಆಮೇಲೆ, "ಅಪ್ಪನಿಗೆ ಹೇಳ್ಬಿಡು. ಮಾತು ಅಂದ್ಮೇಲೆ ಮಾತೇ. ಇನ್ಮೇಲೆ ಹಾರ್ಸಲ್ಲ," ಎಂದಳು. ನೀನೇ ಹೇಳು ಎಂದು ಫೋನನ್ನು ಅಪ್ಪನ ಕಿವಿಗೆ ಹಿಡಿದೆ. ಅವಳು ಅದೇ ಮಾತನ್ನು ಅವನಿಗೂ ಹೇಳಿರಬೇಕು.

ಅಪ್ಪ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡ.

"ಉಳ್ಳಿ ಅರಡ್ಸಿದ್ದು ನಾನು ಕಣ್ ಮಗ," ಎಂದ. "ನೀನೇನಾರ ನನ್ ಮಾತಿಗೋಸ್ಕರ ಇಳ್ಸೇಬುಟ್ಟಿದ್ರೆ ಇವತ್ತು ನಾನೇ ನಿನ್ನ ಕೊಂದಂಗಾಯ್ತಿತ್ತು. ಇಷ್ಟ್ ಜನ ಆಡ್ಕಂಡು ನಗ್ತಿದ್ರೂ ಎದ್ದು ಒಂಟೋದ್ಯಲ್ಲವ್ವ, ನಂಗೆ ಅಷ್ಟು ಸಾಕು. ನಿಲ್ಲುಸ್ಬ್ಯಾಡ, ಓಡ್ಸು. ಇಳಿಯಾಕಾಗ್ದಿದ್ರೆ ನಮ್ಮಪ್ಪನಾಣೆ ಇಳೀಬ್ಯಾಡ."